ರಾಯ್ಸ್ ಹ್ಯಾಡ್ಲಿಯ ಬೂಟಿನ ದಾರ

ಆ ಗುರುವಾರ ಬೆಳಿಗ್ಗೆ ವೆಂಡೆಲ್ ಪ್ರೊಕಾಪ್ ಶಾಲಾ ಬಸ್ಸೊಂದರ ಹಿಂದೆ ಸಿಕ್ಕಿಕೊಂಡ. ಶಾಲಾ ಬಸ್ಸು ನಿಂತಲ್ಲೆಲ್ಲ ಹಿಂದಿನವರೂ ನಿಲ್ಲಬೇಕು. ಅದು ಹಾರ್ಲನ್‌ಪೋರ್ಟಿನ ಹದಿನಾಲ್ಕು ಮನೆಗಳ ಮುಂದೆ ನಿಂತಿತು. ಹೀಗಾಗಿ ವೆಂಡೆಲ್ ಕ್ರೀಡಾಂಗಣಕ್ಕೆ ತಡವಾಗಿ ಬಂದ. ಅಷ್ಟರಲ್ಲಿ ರಾಯ್ಸ್ ಹ್ಯಾಡ್ಲಿ ತನ್ನ ಬೂಟಿನ ದಾರವನ್ನು ತಾನೇ ಕಟ್ಟಿಕೊಳ್ಳಲು ಬಗ್ಗಿ, "ಅಯ್ಯಯ್ಯಪ್ಪಾ!" ಎಂದಿದ್ದ. ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ನಲವತ್ತು ಜನ ಅದನ್ನು ಕೇಳಿಸಿಕೊಂಡಿದ್ದರು.

ರಾಯ್ಸ್‌ಗೆ ನಲವತ್ತೆರಡು ವರ್ಷ. ಹೆರನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಇಡೀ ಆಟ ನಡೆಸುವವನು. ಊರಿನ ಅರ್ಧ ನಾಯಿಗಳಿಗೆ ಅವನದೇ ಹೆಸರು. ಅವನಿಗೇನಾದರೂ ಆದರೆ ಆಡಬೇಕಾದವನು ವೆಂಡೆಲ್. ಒಂಬತ್ತು ವರ್ಷಗಳಿಂದ ಅವನಿಗೆ ಪಂದ್ಯ ತಪ್ಪಿಸುವಂಥದ್ದು ಏನೂ ಆಗಿರಲಿಲ್ಲ. ವೆಂಡೆಲ್ ಅಷ್ಟೂ ವರ್ಷ ಮೈದಾನದ ಅಂಚಿನಲ್ಲಿ ಆಟದ ಯೋಜನೆ ಅಂಟಿಸಿದ ರಟ್ಟು ಹಿಡಿದು ನಿಂತಿದ್ದ. ನಾಲ್ಕು ವರ್ಷದ ಹಿಂದೆ ಪಂದ್ಯಗಳಿಲ್ಲದ ರಜೆಯಲ್ಲಿ ರಾಯ್ಸ್‌ನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾದಾಗ, ಪಾಪ ಎಂದು ಒಂದು ದಿನ ವೆಂಡೆಲ್ ಅವನ ದಾರ ಕಟ್ಟಿಕೊಟ್ಟ. ಅಲ್ಲಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಟ್ಟುವುದು ಅವನ ಪಾಲಿಗೆ ಬಂತು. ಅದು ಅವರಿಬ್ಬರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ.

ಊಟದ ಮನೆಗೆ ಹೋದರೆ ಅಡುಗೆಯ ಲೊರೇನ್ ತಟ್ಟೆಗೆ ಎರಡು ಮೊಟ್ಟೆ ಹೆಚ್ಚು ಹಾಕಿದಳು.

"ಇದ್ಯಾಕೆ ಲೊರೇನ್?"

"ತಿನ್ನಪ್ಪ, ತಿನ್ನು. ಆಡೋರು ತಿನ್ಬೇಕು. ಮುದುಕಪ್ಪನ ಬೆನ್ನು ಹೋಯ್ತಂತಲ್ಲ."

"ಯಾರು ಹೇಳಿದ್ದು?"

"ಸಾಮಾನಿನ ಕೋಣೆಯ ಗಸ್ ಹೇಳ್ದ. ನಾನು ನಿಮ್ಮಮ್ಮಂಗೆ ಮಾತ್ರ ಫೋನ್ ಮಾಡಿ ಹೇಳಿದೀನಿ."

ವೆಂಡೆಲ್ ತಟ್ಟೆ ಕೆಳಗಿಟ್ಟ. ಅವನ ತಾಯಿ ಲಿಡಾ ಒಂಬತ್ತು ವರ್ಷ ಒಂದು ಪಂದ್ಯವನ್ನೂ ಬಿಡದೆ, ಮಗನ ಅಂಗಿಯಂಥದ್ದೇ ಅಂಗಿ ತೊಟ್ಟು ಹಿಮದಲ್ಲಿ ಕೂತು ನೋಡಿದವಳು. ಪಕ್ಕದ ಮನೆಯವರು ಪ್ರತಿ ವರ್ಷ ಕೇಳುತ್ತಿದ್ದರು: "ನಿಮ್ಮ ಮಗ ನೀರು ಕೊಡೋನಾ, ಟವಲ್ ಕೊಡೋನಾ?" ಅವಳ ಮುಂದೆ ಒಂದೇ ಒಂದು ಪಂದ್ಯ ಆಡಬೇಕು ಎನ್ನುವುದು ಬಿಟ್ಟರೆ ವೆಂಡೆಲ್‌ಗೆ ಬೇರೆ ಆಸೆ ಇರಲಿಲ್ಲ.

ಹತ್ತು ಗಂಟೆಗೆ ಮ್ಯಾನೇಜರ್ ಫಿಂಚ್ ಕರೆಸಿದರು. ಅಂದು ಸಂಜೆಯೇ ಡ್ರಾಫ್ಟ್. ತಂಡಗಳೆಲ್ಲ ಸರದಿಯಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ.

"ನೋಡಯ್ಯ, ರಾಯ್ಸ್ ನಿಲ್ಲಿಸ್ತಾನೆ ಅಂದ್ರೆ ಹೊಸ ಕ್ವಾರ್ಟರ್‌ಬ್ಯಾಕ್ ತಗೋತೀನಿ. ಹುಡುಗ ಕಲಿಯೋ ತನಕ ಒಂದು ವರ್ಷ ನೀನೇ ಆಡು. ಇನ್ನೂ ಆಡ್ತೀನಿ ಅಂದ್ರೆ ಅವನ ಮೈಮೇಲೆ ಬೀಳೋರನ್ನ ತಡೆಯೋಕೆ ಒಬ್ಬ ದಪ್ಪನೆಯವನನ್ನ ತಗೋತೀನಿ. ಹೋಗಿ ಕೇಳ್ಕೊಂಡು ಬಾ."

"ನಾನಾ ಸಾರ್? ನೀವೇ ಕೇಳಬಹುದಲ್ಲ."

"ನಾನು ಕೇಳಿದ್ರೆ ಅವನು ಪತ್ರಿಕೆಯವರನ್ನ ಕರೀತಾನೆ. ನಿನ್ನ ಮಾತಿಗೆ ಬೇಜಾರು ಮಾಡ್ಕೊಳಲ್ಲ. ನಿನ್ನ ಮಾತಿಗೆ ಯಾರು ತಾನೇ ಬೇಜಾರು ಮಾಡ್ಕೋತಾರೆ?"

ಹೊರಗೆ ಗಸ್ ಅಳತೆ ಪಟ್ಟಿ ಹಿಡಿದು ಕಾಯುತ್ತಿದ್ದ. "ಭುಜ ಅಗಲ ಮಾಡು. ಹೊಸ ಅಂಗಿ ಹೊಲಿಸ್ತೀನಿ. ನಿನ್ನ ಹಳೇದಕ್ಕೆ ಬೆವರಿನ ವಾಸನೆನೇ ಇಲ್ಲ ಕಣೋ."

ಮಧ್ಯಾಹ್ನದ ಹೊತ್ತಿಗೆ ಲಿಡಾ ಬೀದಿಗೆಲ್ಲ ಸಾರಿದ್ದಳು. ಸಂಜೆಗೆ ಹನ್ನೆರಡು ಜನರನ್ನು ಟಿ.ವಿ. ನೋಡಲು ಕರೆದಿದ್ದಳು. ಯಾವಾಗಲೂ ಗೇಲಿ ಮಾಡುತ್ತಿದ್ದ ಪಕ್ಕದ ಮನೆಯ ಬರ್ನಿಸ್ ಆಲೂಗಡ್ಡೆ ಸಲಾಡ್ ತರುತ್ತೇನೆಂದಿದ್ದಳಂತೆ. ಇನ್ನು ಹಿಂದೆ ಸರಿಯುವ ದಾರಿಯೇ ಇರಲಿಲ್ಲ.

ರಾಯ್ಸ್ ಮಂಜುಗಡ್ಡೆಯ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದ್ದ. ವೆಂಡೆಲ್ ಹವೆಯ ಬಗ್ಗೆ ಮಾತಾಡಿದ. ಆಮೇಲೆ ಕೆರೆಯ ಮೀನಿನ ಬಗ್ಗೆ. ಆಮೇಲೆ ಮತ್ತೆ ಹವೆಯ ಬಗ್ಗೆ.

"ಫಿಂಚ್ ಕಳಿಸಿದ್ನಾ?" ಎಂದ ರಾಯ್ಸ್.

"ಹೂಂ."

"ನಾನು ನಿಲ್ಲಿಸ್ತೀನಿ ವೆಂಡೆಲ್. ಇವತ್ತು ನೀನಿಲ್ದೆ ಬಗ್ಗಿದಾಗ್ಲೇ ಗೊತ್ತಾಯ್ತು. ಈ ವರ್ಷ ನೀನಾಡು. ನಿಮ್ಮಮ್ಮ ಚಳೀಲಿ ಎಷ್ಟೂಂತ ಕೂತಾರು?"

ವೆಂಡೆಲ್‌ಗೆ ಅಳು ಬಂತು. ರಾಯ್ಸ್‌ಗೂ ಬಂತು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು.

ರಾಯ್ಸ್ ಆಟ ನಿಲ್ಲಿಸುವ ಸುದ್ದಿ ಹೇಳಲು ಕರೆದಿದ್ದ ಪತ್ರಕರ್ತರು ಮೂರು ಗಂಟೆಗೆ ಸೇರಿದರು. ಕ್ಯಾಮೆರಾಗಳೆದುರು ರಾಯ್ಸ್ ಮೈಕಿನತ್ತ ಹೊರಟ, ವೆಂಡೆಲ್ ಹಿಂದಿದ್ದ. ರಾಯ್ಸ್‌ನ ಎಡಗಾಲಿನ ದಾರ ಬಿಚ್ಚಿ ನೆಲದಲ್ಲಿ ಎಳೆಯುತ್ತಿತ್ತು. ವೆಂಡೆಲ್ ಯೋಚಿಸಲಿಲ್ಲ, ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾಲ್ಕು ವರ್ಷದ ರೂಢಿ, ಕಾಲು ಕಂಡ ತಕ್ಷಣ ಬಗ್ಗಿದ. ಗಂಟು ಹಾಕಿದ. ಏಳಲು ಹೋದ. ಸೊಂಟದಲ್ಲಿ ಏನೋ ಲಟಕ್ಕೆಂದಿತು.

"ಅಯ್ಯಯ್ಯಯ್ಯಯ್ಯಪ್ಪಾ!"

ಮೈಕು ಚಾಲೂ ಇತ್ತು. ಇಡೀ ರಾಜ್ಯ ಕೇಳಿಸಿಕೊಂಡಿತು.

ಡಾಕ್ಟರು ಬಂದು, ಬೆನ್ನೆಲುಬಿನ ಬಿಲ್ಲೆ ಜಾರಿದೆ, ಎಂಟು ತಿಂಗಳು ಆಟವಿಲ್ಲ ಎಂದರು. ವೆಂಡೆಲ್ ಇನ್ನೂ ನಮಸ್ಕರಿಸುವ ಭಂಗಿಯಲ್ಲೇ ಇದ್ದ. ರಾಯ್ಸ್ ಅವನನ್ನು ನೋಡಿದ, ಫಿಂಚ್ ಅವರನ್ನು ನೋಡಿದ, ನಿಟ್ಟುಸಿರು ಬಿಟ್ಟ. "ಇವನೂ ಇಲ್ಲ ಅಂದ್ಮೇಲೆ ಇನ್ನೇನು, ನಾನೇ ಇನ್ನೊಂದು ವರ್ಷ ಆಡ್ತೀನಿ."

"ನಿನ್ನ ಬೆನ್ನು?" ಎಂದರು ಫಿಂಚ್.

"ಚೆಂಡು ಎಸೆಯೋಕೆ ಬಗ್ಗೋದು ಬೇಕಿಲ್ಲವಲ್ಲ."

ಸಂಜೆ ವೆಂಡೆಲ್ ತಾಯಿಯ ಹಜಾರದಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿದ್ದ. ಸುತ್ತ ಹನ್ನೆರಡು ಜನ ಸಲಾಡ್ ತಿನ್ನುತ್ತಿದ್ದರು. ಮೆಣಸಿನ ಡಬ್ಬಿ ಬೇಕಾದವರು ಅವನನ್ನು ದಾಟಿ ಹೋಗುತ್ತಿದ್ದರು. ಟಿ.ವಿ.ಯಲ್ಲಿ ಹೆರನ್ಸ್ ಸರದಿ ಬಂತು. ನೆಬ್ರಾಸ್ಕಾದ ಒಬ್ಬ ಹುಡುಗ ವೇದಿಕೆ ಹತ್ತಿ ತಂಡದ ಟೋಪಿ ಹಾಕಿಕೊಂಡ. ಕ್ವಾರ್ಟರ್‌ಬ್ಯಾಕ್.

"ರಾಯ್ಸ್ ಆಡ್ತಾನಲ್ಲ, ಮತ್ತೆ ಇವನ್ಯಾಕೆ?" ಎಂದಳು ಲಿಡಾ. ಹನ್ನೆರಡು ಜನರೂ ಅಗಿಯುವುದನ್ನು ನಿಲ್ಲಿಸಿದರು.

ಅಷ್ಟರಲ್ಲಿ ಫಿಂಚ್ ಫೋನ್ ಬಂತು. ಬರ್ನಿಸ್ ಅದನ್ನು ಅವನ ಕಿವಿಗೆ ಹಿಡಿದಳು.

"ಈ ಹುಡುಗ ನಿನ್ನ ಜಾಗಕ್ಕಪ್ಪ," ಎಂದರು ಫಿಂಚ್. "ಮುಂದಾಲೋಚನೆ ಬೇಕಲ್ಲ. ಮೂರು ಹುಡುಗರಲ್ಲಿ ಇವನನ್ನ ರಾಯ್ಸೇ ಫೋನಲ್ಲಿ ಮಾತಾಡಿಸಿ ಆರಿಸ್ದ. ಎಸೆತದ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. ದಾರಕ್ಕೆ ಒಂದು ಗಂಟು ಹಾಕ್ತೀಯಾ, ಎರಡು ಹಾಕ್ತೀಯಾ ಅಂತ ಮಾತ್ರ ಕೇಳ್ದ."

ವೆಂಡೆಲ್ ಹೇಳಿದ:

"ಎರಡು ಗಂಟು ಸಾರ್. ಎಡಗಾಲಿಂದು ಮೊದಲು. ಜಾಸ್ತಿ ಬಿಗಿ ಬೇಡ ಅಂತ ಹುಡುಗನಿಗೆ ಹೇಳಿ."