ಮೈದಾನ ಹುಡುಕಿಕೊಂಡು ಹೊರಟ ಭಾನುವಾರಗಳು

ಲಂಡನ್ನಿನಲ್ಲಿ ಬಾಡಿಗೆಗೆ ಫ್ಲ್ಯಾಟಾದರೂ ಸಿಕ್ಕೀತು, ಭಾನುವಾರ ಆಡಲು ಮೈದಾನ ಸಿಗುವುದು ಕಷ್ಟ. ನಮ್ಮ ಕನ್ನಡ ತಂಡಕ್ಕೆ ನಾನು ಹೆಸರಿಗೆ ಕ್ಯಾಪ್ಟನ್, ಕೆಲಸದಲ್ಲಿ ಮೈದಾನದ ದಲ್ಲಾಳಿ. ಈ ದಲ್ಲಾಳಿತನದಲ್ಲಿ ನಗುವುದಕ್ಕೇನೂ ಬರವಿಲ್ಲ.

ಕೆಂಟನ್ನಿನ ಕಾಫಿ

ಮೊದಲು ಕೆಂಟನ್ನಿನ ಒಂದು ಪಾರ್ಕಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಬೇಲಿಯಾಚೆ ಕುಂದಾಪುರದ ಅಮ್ಮ ಒಬ್ಬರ ಮನೆ. ಚೆಂಡು ಹಿತ್ತಲಿಗೆ ಬಿದ್ದರೆ ಬೈಯುವ ಬದಲು, ತರಲು ಹೋದವನನ್ನು ಕೂರಿಸಿ ಫಿಲ್ಟರ್ ಕಾಫಿ, ಗೋಳಿಬಜೆ ಕೊಡುತ್ತಿದ್ದರು. ಸುದ್ದಿ ಹರಡಿತು. ಬೌಲರುಗಳು ಬೇಕೆಂದೇ ಹೊಡೆಸಿಕೊಂಡು, ತಾವೇ ಚೆಂಡು ತರಲು ಓಡತೊಡಗಿದರು. ಒಂದು ದಿನ ನೋಡುತ್ತೇನೆ, ಮೈದಾನದಲ್ಲಿ ನಾನೂ ಅಂಪೈರೂ ಇಬ್ಬರೇ. ಹೋದವರನ್ನು ಕರೆತರಲು ತಾನು ಹೋಗಲೇ ಎಂದು ಅಂಪೈರ್ ಬಹಳ ಆಸೆಯಿಂದ ಕೇಳಿದರು.

ಗ್ರೀನ್‌ಫರ್ಡಿನ ಬ್ಯಾಟು

ಮುಂದಿನ ವರ್ಷ ಕೆಂಟನ್ನಿನ ಜಾಗ ಫುಟ್‌ಬಾಲಿನವರ ಪಾಲಾಯಿತು. ಗ್ರೀನ್‌ಫರ್ಡಿನ ಗೋದಾಮುಗಳ ಹಿಂದೆ ಖಾಲಿ ಇದ್ದದ್ದು ಬೇಸ್‌ಬಾಲ್ ಮೈದಾನ ಮಾತ್ರ. ಇರಲಿ ಎಂದು ನಾವೇ ಬೇಸ್‌ಬಾಲ್ ತಂಡವಾದೆವು. ಅಲ್ಲಿ ಹೊಡೆದ ಮೇಲೆ ಬ್ಯಾಟು ಬಿಸಾಕಿ ಓಡಬೇಕು. ಬುದ್ಧಿ ಬಂದಾಗಿನಿಂದ ಬ್ಯಾಟು ಹಿಡಿದೇ ಓಡಿದವರು ನಾವು. ನಮ್ಮ ತಂಡದ ಉಡುಪಿ ಭಟ್ಟರಂತೂ, ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ ಬ್ಯಾಟನ್ನು ನೆಲಕ್ಕೆ ಎಸೆಯಲು ಮನಸ್ಸಾಗದೆ, ಹಿಂದೆ ಕೂತಿದ್ದ ಎದುರಾಳಿ ಕ್ಯಾಚರನಿಗೆ ಎರಡೂ ಕೈಯಿಂದ ಒಪ್ಪಿಸಿ ಓಡಿದರು. ಅವನು ಥ್ಯಾಂಕ್ಯೂ ಎಂದ. ಅಷ್ಟರಲ್ಲಿ ಭಟ್ಟರು ಔಟ್.

ಕಾಕಾ ಕದಲಲಿಲ್ಲ

ಇಲ್ಫರ್ಡಿನ ತಂಡವೊಂದು ನಮ್ಮ ಭಾನುವಾರದ ಮೇಲೆಯೇ ಕಣ್ಣು ಹಾಕಿತು. ಪಂದ್ಯ ಗೆದ್ದವರಿಗೆ ಮೈದಾನ ಎಂದು ಒಪ್ಪಂದವಾಯಿತು. ಸೋತರೆ ನಮಗೆ ಬೇರೆ ಜಾಗವಿಲ್ಲ, ತಂಡವನ್ನೇ ಮುಚ್ಚಬೇಕು. ಹಿಂದಿನ ದಿನದಿಂದ ನನಗೆ ಊಟ ಸೇರಿರಲಿಲ್ಲ.

ಕೊನೆಯ ಸರದಿ, ಸ್ಕೋರ್ ಸಮ. ಓಡುವ ದಾರಿಯಲ್ಲಿ ತಂಗುವ ಮೂರೂ ಬೇಸಿನಲ್ಲಿ ನಮ್ಮವರು ನಿಂತಿದ್ದಾರೆ. ಬ್ಯಾಟು ಹಿಡಿದವರು ಧಾರವಾಡದ ಕಾಕಾ; ಜನ ಸಾಲದೆ ಅವತ್ತೇ ಎಳೆದು ತಂದವರು. ಎಸೆಯುವ ಹುಡುಗ ಗಾಬರಿಯಾಗಿ ನಾಲ್ಕು ಚೆಂಡನ್ನೂ ದೂರ ಎಸೆದುಬಿಟ್ಟ. ಹಾಗಾದಾಗ ಬ್ಯಾಟುಗಾರ ಸುಮ್ಮನೆ ನಡೆದು ಹೋಗಿ ಮೊದಲ ಬೇಸ್ ಮುಟ್ಟಿದರಾಯಿತು. ಉಳಿದವರು ಒಂದೊಂದು ಬೇಸ್ ಮುಂದೆ ಸರಿದು ಗೆಲುವಿನ ರನ್ ಬರುತ್ತದೆ. ಕಾಕಾ ಕದಲಲಿಲ್ಲ.

"ವೈಡ್ ಆದ್ರ ರನ್ ತಾನ ಬರತೈತಿ. ತಪ್ಪು ಒಗದಾಂವ ಅಂವ, ನಾ ಯಾಕ ನಡೀಲಿ?"

ಕೈಮುಗಿದೆ, ಗಲ್ಲ ಹಿಡಿದೆ. ಹೋಗದಿದ್ದರೆ ಔಟ್ ಕೊಡುತ್ತೇನೆ ಎಂದು ಅಂಪೈರ್ ಎಚ್ಚರಿಸಿದರು. ಆಗ, ಆಟ ನೋಡುತ್ತಾ ಬದಿಯಲ್ಲಿ ಕೂತಿದ್ದ ಕಾಕಾನ ಹೆಂಡತಿ ಕಾಕೂ ಎದ್ದರು. ಬುತ್ತಿಗಂಟು ಒಯ್ದು, ಮೊದಲ ಬೇಸಿನ ಪಕ್ಕ ಇಟ್ಟು ಬಿಚ್ಚಿದರು. ಜೋಳದ ರೊಟ್ಟಿ, ಎಣಗಾಯಿ. ಕಾಕಾ ಸೀದಾ ನಡೆದು ಹೋಗಿ ಬೇಸಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು.

ಮೈದಾನ ನಮ್ಮದಾಯಿತು. ನನಗೆ ಕಣ್ಣಲ್ಲಿ ನೀರೇ ಬಂತು. ಕಾಕಾನನ್ನು ತಬ್ಬಿಕೊಳ್ಳಲು ಇಡೀ ತಂಡ ಕೂಗುತ್ತಾ ಓಡಿತು. ಗೆದ್ದದ್ದು ಗೊತ್ತೇ ಇಲ್ಲದ ಕಾಕಾ, ಬುತ್ತಿಗೆ ಎರಡೂ ಕೈ ಅಡ್ಡ ಹಿಡಿದರು.

"ಹಿಂಗ ಒಮ್ಮೆಲೇ ಎಲ್ಲಾರೂ ಬಂದ್ರ ರೊಟ್ಟಿ ಸಾಲಂಗಿಲ್ಲ."