ಕವಾಟ ಮೇಷ್ಟ್ರ ಒಂದು ದಿನದ ಎದೆಬಡಿತ

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಎದೆಬಡಿತ. ತನ್ನ ಸರದಿ ಬರುವ ತನಕ ಕಾಯದೆ ಅದು ಸ್ವಲ್ಪ ಮುಂಚೆ ಬಂದುಬಿಟ್ಟಿತ್ತು.

ಜೀವಶಾಸ್ತ್ರದ ಮೇಷ್ಟ್ರು ಹೃದಯದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವರು. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ನಡುವೆ ಬಾಗಿಲಿನ ಹಾಗೆ ತೆರೆದು ಮುಚ್ಚುವ ಕವಾಟಗಳು. ಕೆಟ್ಟ ರಕ್ತಕ್ಕೆ ನೀಲಿ ಸೀಮೆಸುಣ್ಣ, ಒಳ್ಳೆಯ ರಕ್ತಕ್ಕೆ ಕೆಂಪು. ಇಪ್ಪತ್ತಾರು ವರ್ಷ ಅದನ್ನೇ ಬರೆದದ್ದಕ್ಕೆ ಮಕ್ಕಳು ಅವರಿಗೆ ಕವಾಟ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಆದರೆ ಸ್ವಂತ ಹೃದಯದ ಇಸಿಜಿ ಕಾಗದ ಕೈಗೆ ಬಂದಾಗ ಅವರ ವಿದ್ಯೆಯೆಲ್ಲ ಕೈಕೊಟ್ಟಿತು. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದ ಗೆರೆಗಳ ನಡುವೆ ಒಂದು ಗೆರೆ ಮಾತ್ರ ತಂಟೆಕೋರ ಹುಡುಗನಂತೆ ಸಾಲು ಬಿಟ್ಟು ಮುಂದೆ ಬಂದಿತ್ತು.

ಹೆಡ್‌ಮಾಸ್ಟರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿ ಕವಾಟ ಮೇಷ್ಟ್ರಿಗೇ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಮೇಷ್ಟ್ರಿಗೆ ಉಳಿದದ್ದು ಎರಡೇ ವರ್ಷದ ಸರ್ವೀಸು. ಈಗ ತಪ್ಪಿದರೆ ಮತ್ತೆ ಸಿಗುವ ಮಾತೇ ಇಲ್ಲ. ಕೆಳಮಹಡಿಯಲ್ಲಿ ಸ್ವಂತ ಕೋಣೆ, ಕಿರುಗುಟ್ಟದ ಫ್ಯಾನು, ಕೈಯಿರುವ ಕುರ್ಚಿ. ಅದರ ಮೇಲೆ ಅವರಿಗೆ ಎಷ್ಟು ಆಸೆಯೆಂದರೆ, ಯಾರೂ ಇಲ್ಲದಾಗ ಎರಡು ಸಲ ಹೋಗಿ ಕೂತು ನೋಡಿ ಬಂದಿದ್ದರು. ಬಾಕಿ ಇದ್ದದ್ದು ವೈದ್ಯಕೀಯ ಸರ್ಟಿಫಿಕೇಟು ಮಾತ್ರ.

"ಒಂದು ಬಡಿತ ಮುಂಚೆ ಬಂದಿದೆ ಮೇಷ್ಟ್ರೇ," ಎಂದರು ಹೃದಯದ ಡಾಕ್ಟರಮ್ಮ. "ಬಹುಶಃ ಏನೂ ಇರಲ್ಲ. ಆದ್ರೂ ಒಂದು ದಿನ ಪೂರ್ತಿ ನೋಡ್ಕೊಂಡೇ ಸಹಿ ಹಾಕ್ತೀನಿ."

ಮರುದಿನ ಬೆಳಗ್ಗೆ ಏಳಕ್ಕೆ ನರ್ಸು ಮೇಷ್ಟ್ರ ಎದೆಗೆ ಐದು ಗುಂಡನೆಯ ಪಟ್ಟಿ ಅಂಟಿಸಿ, ಅವಕ್ಕೆ ವೈರು ಸಿಕ್ಕಿಸಿ, ವೈರುಗಳ ಇನ್ನೊಂದು ತುದಿಗಿದ್ದ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿದಳು. ಕೈಗೆ ಒಂದು ಸಣ್ಣ ಪುಸ್ತಕವನ್ನೂ ಕೊಟ್ಟಳು.

"ನಾಳೆ ಇದೇ ಹೊತ್ತಿಗೆ ಬನ್ನಿ," ಎಂದರು ಡಾಕ್ಟರಮ್ಮ. "ಅಲ್ಲೀವರೆಗೂ ಸ್ನಾನ ಬೇಡ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಎಷ್ಟು ಗಂಟೆಗೆ ಏನು ಮಾಡ್ತಿದ್ರಿ, ಎದೆ ಹೇಗಿತ್ತು, ಎಲ್ಲಾ ಇದರಲ್ಲಿ ಬರೀರಿ. ಪೆಟ್ಟಿಗೇಲಿರೋ ಬಡಿತಾನೂ ನೀವು ಬರೆದಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡ್ತೀನಿ."

ಒಂದೇ ಒಂದು ದಿನ ತಣ್ಣಗಿದ್ದರೆ ಸಾಕು, ಕುರ್ಚಿ ತನ್ನದು ಎಂದುಕೊಂಡು ಮೇಷ್ಟ್ರು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಮನೆಗೆ ಬಂದರು. ಆದರೆ ತಣ್ಣಗಿರುವುದಕ್ಕೆ ಸುತ್ತಲಿನವರು ಬಿಡಬೇಕಲ್ಲ.

ಗಂಡನಿಗೆ ಯಾವ ಗಾಬರಿಯೂ ಆಗಬಾರದೆಂದು ಹೆಂಡತಿ ಪಣ ತೊಟ್ಟಿದ್ದರು. ಮೇಷ್ಟ್ರು ಕೂತು ಉಸಿರು ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು.

"ರೀ, ಗಾಬರಿ ಆಗ್ಬೇಡಿ!"

ಮೇಷ್ಟ್ರು ಎದ್ದು ಓಡಿದರು. "ಏನಾಯ್ತೇ?"

"ಏನಿಲ್ಲ. ಉಪ್ಪು ಮುಗಿದಿದೆ ಅಷ್ಟೇ."

ಮೇಷ್ಟ್ರು ಪುಸ್ತಕ ತೆಗೆದು ಬರೆದರು: "7.50. ಉಪ್ಪು ಮುಗಿಯಿತು. ಎದೆ ಧಸಕ್ಕೆಂದಿತು."

ಹತ್ತು ನಿಮಿಷಕ್ಕೆ ಮತ್ತೆ, "ಗಾಬರಿ ಆಗ್ಬೇಡಿ, ನಿಮ್ಮಕ್ಕ ಫೋನ್ ಮಾಡಿದ್ರು." ಇನ್ನು ಹತ್ತು ನಿಮಿಷಕ್ಕೆ, "ಗಾಬರಿ ಆಗ್ಬೇಡಿ, ಹಾಲು ಉಕ್ಕಿತು." ಒಂಬತ್ತು ಗಂಟೆಯೊಳಗೆ ಪುಸ್ತಕದ ಒಂದು ಪುಟ ತುಂಬಿತು.

ಇದರ ನಡುವೆ ಆಕೆ ಕಾಂಪೌಂಡು ಗೋಡೆಯ ಮೇಲಿಂದ ಪಕ್ಕದ ಮನೆಯವರಿಗೆ, "ಯಾರಿಗೂ ಹೇಳ್ಬೇಡಿ," ಎಂದು ಹೇಳಿ ಬಂದಿದ್ದರು. ಹಾಗೆ ಹೇಳುವುದೂ ಡಂಗುರ ಹೊಡೆಸುವುದೂ ಎರಡೂ ಒಂದೇ. ಐದೇ ನಿಮಿಷಕ್ಕೆ ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಬಾಗಿಲಲ್ಲಿದ್ದರು. ನಲವತ್ತು ವರ್ಷ ಬಾಟಲಿಗೆ ಔಷಧಿ ಸುರಿದಿದ್ದ ಆತ ತನ್ನನ್ನು ಮುಕ್ಕಾಲು ಡಾಕ್ಟರೆಂದೇ ತಿಳಿದಿದ್ದರು. ಮೇಷ್ಟ್ರ ಕೈ ಹಿಡಿದು, ಕಣ್ಣಿನ ರೆಪ್ಪೆ ಎಳೆದು, ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ನಮ್ಮ ಷಡ್ಡಕನೂ ಇಂಥದ್ದೇ ಕಟ್ಕೊಂಡಿದ್ದ. ಕಲ್ಲು ಹೊಡೆದ್ರೆ ಕಲ್ಲೇ ಒಡೀಬೇಕು, ಅಂಥಾ ಆಳು."

"ಈಗ ಹೇಗಿದಾರೆ?" ಎಂದು ಮೇಷ್ಟ್ರು ಕೇಳಬಾರದಿತ್ತು, ಕೇಳಿದರು.

"ಪೆಟ್ಟಿಗೆ ನಾನೇ ಹೋಗಿ ವಾಪಸ್ ಕೊಟ್ಟು ಬಂದೆ," ಎಂದು ಕಾಂಪೌಂಡರು ನಿಟ್ಟುಸಿರು ಬಿಟ್ಟು, ಕೊಟ್ಟ ಕಾಫಿ ಕುಡಿದು ಎದ್ದರು. ಪುಸ್ತಕಕ್ಕೆ ಇನ್ನೊಂದು ಸಾಲು ಸೇರಿತು: "9.10. ಪಕ್ಕದ ಮನೆಯವರು ಧೈರ್ಯ ಹೇಳಿದರು. ಎದೆ ಬಡಿತ ಕಿವಿಗೆ ಕೇಳಿಸಿತು."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂಕಾಟದಲ್ಲಿ ಅಂಗಿಯ ಒಂದು ಗುಂಡಿ ಕಿತ್ತುಹೋಗಿ ಒಂದು ಕೆಂಪು ವೈರು ಹೊರಗೆ ಇಣುಕಿತು. ಎದುರಿಗೆ ನಿಂತಿದ್ದ ಹೆಂಗಸು ಅದನ್ನು ನೋಡಿದಳು, ಸೊಂಟದ ಪೆಟ್ಟಿಗೆಯನ್ನೂ ನೋಡಿದಳು. "ಅಯ್ಯೋ, ವೈರು! ಇವರ ಮೈಯೆಲ್ಲ ವೈರು!" ಎಂದು ಕಿರುಚಿದ್ದೇ ತಡ, ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಂತಿತು. ಕಣ್ಣು ಮಿಟುಕಿಸುವುದರೊಳಗೆ ಒಳಗೆ ಉಳಿದವರು ಮೇಷ್ಟ್ರೊಬ್ಬರೇ.

"ಸ್ವಾಮೀ," ಎಂದ ಕಂಡಕ್ಟರ್, ರಸ್ತೆಯಾಚೆಯ ಮರದ ಹಿಂದಿನಿಂದ. "ಏನಿದ್ರೂ ನಿಧಾನಕ್ಕೆ ಮಾತಾಡಿ ಬಗೆಹರಿಸ್ಕೊಳ್ಳೋಣ. ನಂಗೆ ಸಣ್ಣ ಮಕ್ಕಳಿದಾವೆ."

ಬೇರೆ ದಾರಿ ತೋಚದೆ ಮೇಷ್ಟ್ರು ಅಂಗಿ ಬಿಚ್ಚಿ ಕಿಟಕಿಯ ಬಳಿ ನಿಂತು ಪಾಠ ಶುರು ಮಾಡಿದರು. "ಗಾಬರಿ ಬೇಡ! ಇದು ಹೃದಯ ಪರೀಕ್ಷೆ! ಮೊದಲು ಬಲ ಹೃತ್ಕರ್ಣದಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತೆ, ಅದು ಕೆಳಗೆ ಹೃತ್ಕುಕ್ಷಿಗೆ ಹರಿಯುತ್ತೆ..." ವಿದ್ಯುತ್ತು ಎಂಬ ಮಾತಿಗೆ ಜನ ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿದರು. ಪುಣ್ಯಕ್ಕೆ ಗುಂಪಿನಲ್ಲಿದ್ದ ಯುವಕನೊಬ್ಬ, "ಏ, ಇವರು ನಮ್ಮ ಕವಾಟ ಮೇಷ್ಟ್ರು ಕಣ್ರೋ! ಇದೇ ಪಾಠದಲ್ಲಿ ನನ್ನನ್ನ ಫೇಲ್ ಮಾಡಿದ್ರು!" ಎಂದು ಗುರುತು ಹಿಡಿದ. ಜನ ಗೊಣಗುತ್ತ ಹತ್ತಿದರು, ಆದರೆ ಮೇಷ್ಟ್ರ ಸುತ್ತಲಿನ ನಾಲ್ಕು ಸೀಟಿಗೆ ಯಾರೂ ಬರಲಿಲ್ಲ. ಮೇಷ್ಟ್ರು ಬರೆದರು: "9.40. ಬಸ್ಸು ಖಾಲಿಯಾಯಿತು. ಕೂರಲು ಜಾಗ ಸಿಕ್ಕಿತು. ಎದೆ ಜೋರು."

ಶಾಲೆಯ ಗೇಟಿನಲ್ಲಿ ಡ್ರಿಲ್ ಮೇಷ್ಟ್ರು ಕಾದಿದ್ದರು. ಸರ್ವೀಸಿನಲ್ಲಿ ಕವಾಟ ಮೇಷ್ಟ್ರ ನಂತರದ ಸರದಿ ಅವರದೇ, ಆದ್ದರಿಂದ ಅವರ ಕಾಳಜಿ ಸೇವೆಯೋ ಸಂಚೋ ಎಂದು ಹೇಳುವುದು ಕಷ್ಟ.

"ಮೆಟ್ಟಿಲು ಹತ್ತಕೂಡದು! ನಿಮ್ಮ ಲ್ಯಾಬು ಎರಡನೇ ಮಹಡಿ. ಹೋಗೋ ಜೀವ ಅಲ್ಲೇ ಹೋಗುತ್ತೆ. ನಾನು ವ್ಯವಸ್ಥೆ ಮಾಡಿದೀನಿ."

ವ್ಯವಸ್ಥೆಯೆಂದರೆ ಒಂದು ಕುರ್ಚಿ, ಅದನ್ನು ಹೊರಲು ಕವಾಯತಿನಲ್ಲಿ ಬಹುಮಾನ ಗೆದ್ದ ನಾಲ್ವರು ಹುಡುಗರು. ಮೇಷ್ಟ್ರು ಬೇಡ ಬೇಡ ಎನ್ನುತ್ತಿದ್ದಂತೆ ಅವರನ್ನು ಕೂರಿಸಿ ಎತ್ತಿಯೇ ಬಿಟ್ಟರು. "ಎಡ, ಬಲ, ಎಡ, ಬಲ," ಎಂಬ ಆಜ್ಞೆಗೆ ತಕ್ಕಂತೆ ಕುರ್ಚಿ ಮೊದಲ ಮಹಡಿಯನ್ನು ಚೆನ್ನಾಗಿಯೇ ಏರಿತು. ಮೆಟ್ಟಿಲಿನ ತಿರುವಿನಲ್ಲಿ ಹುಡುಗರು ಏದುಸಿರು ಬಿಡುತ್ತಿದ್ದುದನ್ನು ಕಂಡು ಡ್ರಿಲ್ ಮೇಷ್ಟ್ರಿಗೆ ಕನಿಕರ ಬಂತು. ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಗಟ್ಟಿಯಾಗಿ ಕೂಗಿದರು.

"ವಿಶ್ರಾಮ್!"

ನಾಲ್ವರೂ ಶಿಸ್ತಿನ ಹುಡುಗರು. ಒಟ್ಟಿಗೇ ಎಡಗಾಲು ಪಕ್ಕಕ್ಕಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು.

ಕುರ್ಚಿ ಮೇಷ್ಟ್ರ ಸಮೇತ ಏಳು ಮೆಟ್ಟಿಲು ಕೆಳಗಿಳಿಯಿತು. ಮೂಳೆ ಮುರಿಯಲಿಲ್ಲ, ಕುರ್ಚಿಯ ಕಾಲು ಮುರಿಯಿತು. ಮೇಷ್ಟ್ರು ಬಿದ್ದಲ್ಲೇ ಪುಸ್ತಕ ತೆಗೆದು ಬರೆದರು: "10.05. ವಿಶ್ರಾಂತಿ. ಎದೆ ಬಾಯಿಗೆ ಬಂತು."

ತರಗತಿಯಲ್ಲಿ ಇನ್ನೊಂದು ಪರಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಐವತ್ತು ಮಕ್ಕಳು ಒಂದು ಪಿಸುಮಾತಿಲ್ಲದೆ ಕೂತಿದ್ದರು. ಮೇಷ್ಟ್ರು ಸೀಮೆಸುಣ್ಣ ಎತ್ತಿದರೆ ಮಕ್ಕಳ ಉಸಿರು ನಿಲ್ಲುತ್ತಿತ್ತು, ಕೆಮ್ಮಿದರೆ ಮುಂದಿನ ಬೆಂಚಿನವರು ಎದ್ದು ನಿಲ್ಲುತ್ತಿದ್ದರು. ಕೊನೆಗೆ ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅತ್ತು, "ಸಾರ್, ನಿಮ್ಮ ಹೋಂವರ್ಕ್ ಇನ್ಮೇಲೆ ತಪ್ಪದೆ ಮಾಡ್ತೀನಿ ಸಾರ್, ಹೋಗ್ಬೇಡಿ," ಎಂದಳು. ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು. ಇಷ್ಟು ಪ್ರೀತಿ ಇದ್ದೂ ಈ ಮಕ್ಕಳು ಇಷ್ಟು ವರ್ಷ ಇಷ್ಟೊಂದು ಗಲಾಟೆ ಯಾಕೆ ಮಾಡಿದರು ಎಂದೂ ಅನ್ನಿಸಿತು. ಅದನ್ನೂ ಬರೆದರು.

ಮಧ್ಯಾಹ್ನ ಮೂರಕ್ಕೆ ಕಾರ್ಯದರ್ಶಿಗಳ ಭಾಷಣ. ಆತ ಹಾರ್ಡ್‌ವೇರ್ ಅಂಗಡಿಯ ಮಾಲೀಕರು. ದಿನವೆಲ್ಲ ಮೊಳೆ ಸ್ಕ್ರೂ ಮಾರಿ ಮನಸ್ಸಿನಲ್ಲಿ ಉಳಿದುಹೋದ ಮಾತುಗಳನ್ನೆಲ್ಲ ತಿಂಗಳಿಗೊಮ್ಮೆ ಮೇಷ್ಟ್ರುಗಳ ಮುಂದೆ ಖಾಲಿ ಮಾಡುತ್ತಿದ್ದರು. ಅವರ ಭಾಷಣ ಗಮನವಿಟ್ಟು ಕೇಳಿದವರನ್ನು ಅವರು ಮರೆಯುತ್ತಿರಲಿಲ್ಲ, ಕೇಳದವರನ್ನಂತೂ ಸಾಯುವ ತನಕ ಮರೆಯುತ್ತಿರಲಿಲ್ಲ. ಅಂದಿನ ವಿಷಯ "ಶಿಕ್ಷಕನಿಗೆ ಸದಾ ಎಚ್ಚರ".

ಆ ಒಂದು ಗಂಟೆಯ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಡ್ರಿಲ್ ಮೇಷ್ಟ್ರು ಆರು ಸಲ ಆಕಳಿಸಿದರು. ಗಣಿತದ ಮೇಷ್ಟ್ರು ಗಡಿಯಾರ ನೋಡಿದರು. ಮುಂದಿನ ಸಾಲಿನಲ್ಲಿ ಕವಾಟ ಮೇಷ್ಟ್ರೊಬ್ಬರು ಮಾತ್ರ ಮುಖ ಮೇಲೆತ್ತಿ, ಕಾರ್ಯದರ್ಶಿಗಳನ್ನೇ ನೋಡುತ್ತ, ಒಂದಿಷ್ಟೂ ಅಲುಗದೆ ಕೂತಿದ್ದರು. ಭಾಷಣ ಮುಗಿದು ಚಪ್ಪಾಳೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದವರೂ ಅವರೇ. ಆಮೇಲೆ ಪುಸ್ತಕ ತೆಗೆದು, "3ರಿಂದ 4. ಕಾರ್ಯದರ್ಶಿಗಳ ಭಾಷಣ. ಏಕಾಗ್ರತೆಯಿಂದ ಕೇಳಿದೆ. ಮೈ ರೋಮಾಂಚನ," ಎಂದು ಬರೆಯುತ್ತಿದ್ದಾಗ ಭುಜದ ಮೇಲೆ ಒಂದು ಕೈ ಬಿತ್ತು.

"ಭೇಷ್!" ಎಂದರು ಕಾರ್ಯದರ್ಶಿಗಳು, ಪೂರ್ತಿ ಓದಿಕೊಂಡು. "ನನ್ನ ಮಾತು ಎದೆಗೆ ತಟ್ಟುತ್ತೆ ಅಂತ ಜನ ಬಾಯಲ್ಲಿ ಹೇಳ್ತಿದ್ರು. ಇವತ್ತು ಮೆಷಿನ್ನಲ್ಲೇ ದಾಖಲಾಯ್ತು! ನಾಳೆ ಬೆಳಗ್ಗೆ ನಾನೂ ಆಸ್ಪತ್ರೆಗೆ ಬರ್ತೀನಿ. ಸರ್ಟಿಫಿಕೇಟು ಸಿಕ್ಕ ತಕ್ಷಣ ಆರ್ಡರು ಅಲ್ಲೇ ಕೈಗೆ ಕೊಡ್ತೀನಿ."

ಡ್ರಿಲ್ ಮೇಷ್ಟ್ರ ಮುಖ ಹುಳ್ಳಗಾಯಿತು. ಕವಾಟ ಮೇಷ್ಟ್ರು ಅಂದು ಮನೆಗೆ ನೆಲದ ಮೇಲೆ ನಡೆದು ಹೋದರೋ ಗಾಳಿಯಲ್ಲಿ ತೇಲಿ ಹೋದರೋ ಅವರಿಗೇ ತಿಳಿಯಲಿಲ್ಲ.

ಮರುದಿನ ಡಾಕ್ಟರಮ್ಮ ಒಂದು ಕಣ್ಣು ಕಂಪ್ಯೂಟರಿನ ಮೇಲೆ, ಇನ್ನೊಂದು ಪುಸ್ತಕದ ಮೇಲೆ ಇಟ್ಟು ನೋಡುತ್ತ ಹೋದರು. ನಡುನಡುವೆ ನಗು ತಡೆಯಲಾರದೆ ಕೆಮ್ಮುತ್ತಿದ್ದರು.

"7.50ಕ್ಕೆ ನೂರ ಹತ್ತು ಬಡಿತ... ಉಪ್ಪು ಮುಗಿದಿದೆ, ಸರಿ. 9.40ಕ್ಕೆ ನೂರ ಮೂವತ್ತು... ಬಸ್ಸು ಖಾಲಿ. 10.05ಕ್ಕೆ ನೂರ ಐವತ್ತೆರಡು... ವಿಶ್ರಾಂತಿ?" ಅವರು ತಲೆಯೆತ್ತಿ ನೋಡಿದರು. "ಇರ್ಲಿ. ಮೇಷ್ಟ್ರೇ, ನಿಮ್ಮ ಹೃದಯ ಕಬ್ಬಿಣದ ಹಾಗಿದೆ. ಆವತ್ತಿನ ಥರ ಮುಂಚೆ ಬರೋ ಬಡಿತ ಇಡೀ ದಿನದಲ್ಲಿ ನಾಲ್ಕೋ ಐದೋ ಬಂದಿವೆ, ಅದು ಎಲ್ಲರಿಗೂ ಬರುತ್ತೆ. ಮಾತ್ರೆ ಬೇಡ. ಕಾಫಿ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೀರಿ."

ಸಹಿ ಬಿತ್ತು, ಮೊಹರೂ ಬಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಕಾರ್ಯದರ್ಶಿಗಳು ಜೇಬಿನಿಂದ ಆರ್ಡರಿನ ಲಕೋಟೆ ತೆಗೆದರು. ಅದನ್ನು ಕೊಟ್ಟು ಸುಮ್ಮನೆ ಎದ್ದಿದ್ದರೆ ಮುಗಿಯುತ್ತಿತ್ತು, ಆದರೆ ಆಸೆ ಕೆಟ್ಟದ್ದು.

"ಡಾಕ್ಟ್ರೇ, ಮಧ್ಯಾಹ್ನ ಮೂರು ಗಂಟೇದು ಒಂದ್ಸಲ ತೋರಿಸಿ. ಅಲ್ಲಿ ರೋಮಾಂಚನ ಅಂತ ಬರೆದಿದಾರೆ."

ಆತ ಯಾರೆಂದು ಡಾಕ್ಟರಮ್ಮನಿಗೆ ತಿಳಿಯದು. ಮೇಷ್ಟ್ರ ಅಣ್ಣನಿರಬೇಕು ಎಂದುಕೊಂಡಿದ್ದರು. "ಮೂರರಿಂದ ನಾಲ್ಕಾ? ಆಹಾ! ಇಡೀ ದಿನದಲ್ಲಿ ಪಾಪ, ಈ ಹೃದಯಕ್ಕೆ ನೆಮ್ಮದಿ ಸಿಕ್ಕಿದ್ದೇ ಆ ಒಂದು ಗಂಟೆ."

"ಅಂದ್ರೆ?"

"ನಿಮಿಷಕ್ಕೆ ಐವತ್ನಾಲ್ಕು. ರಾತ್ರಿ ಎರಡು ಗಂಟೇದು ನೋಡಿ, ಅದೂ ಐವತ್ನಾಲ್ಕು. ಒಂದರ ಮೇಲೊಂದು ಇಟ್ರೆ ವ್ಯತ್ಯಾಸವೇ ಇಲ್ಲ. ಒಳ್ಳೇ ಗಾಢ ನಿದ್ದೆ. ಮೂರು ಗಂಟೆ ಐದು ನಿಮಿಷಕ್ಕೆ ಮಲಗಿದಾರೆ, ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಇಲ್ಲಿ ಧಡಕ್ ಅಂತ ಎದ್ದಿದಾರೆ. ಏನೋ ದೊಡ್ಡ ಸದ್ದಾಗಿರ್ಬೇಕು."

"ಚಪ್ಪಾಳೆ," ಎಂದರು ಕಾರ್ಯದರ್ಶಿಗಳು.

ಕಣ್ಣು ತೆರೆದೇ ನಿದ್ದೆ ಮಾಡುವುದು ಕವಾಟ ಮೇಷ್ಟ್ರು ಇಪ್ಪತ್ತಾರು ವರ್ಷದ ಮೀಟಿಂಗುಗಳಲ್ಲಿ ಕೂತು ಸಾಧಿಸಿದ ವಿದ್ಯೆ. ಕಟ್ಟಿಕೊಂಡ ಹೆಂಡತಿಗೂ ಅದು ತಿಳಿದಿರಲಿಲ್ಲ.

"ಅದು ಏಕಾಗ್ರತೆ ಸಾರ್," ಎಂದು ಮೇಷ್ಟ್ರು ತೊದಲಿದರು. "ಒಂಥರಾ ಧ್ಯಾನ... ನಾನು ಕಣ್ಣು ಬಿಟ್ಕೊಂಡೇ ಇದ್ದೆ..."

"ಅದಕ್ಯಾಕೆ ಸಂಕೋಚ?" ಎಂದರು ಡಾಕ್ಟರಮ್ಮ ಅಕ್ಕರೆಯಿಂದ. "ಒಳ್ಳೇದೇ ಆಯ್ತು. ಆ ಭಾಷಣ ಮಾಡಿದ ಪುಣ್ಯಾತ್ಮರು ಸಿಕ್ಕಿದ್ರೆ ನಮ್ಮ ಆಸ್ಪತ್ರೆಗೂ ಕಳಿಸ್ಕೊಡಿ. ವಾರ್ಡು ತುಂಬಾ ನಿದ್ದೆ ಬಾರದವರೇ ಇದಾರೆ."

ಕಾರ್ಯದರ್ಶಿಗಳು ಲಕೋಟೆಯನ್ನು ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು, ಜೇಬಿಗೆ ಹಾಕಿಕೊಂಡರು.

"ಡ್ರಿಲ್ ಮೇಷ್ಟ್ರು ಆರು ಸಲ ಆಕಳಿಸಿದ್ರು. ನಾನೇ ಎಣಿಸಿದೆ," ಎಂದರು. "ಆಕಳಿಸಿದ್ರೂ ಮನುಷ್ಯ ಎದ್ದಿದ್ದ. ಆ ಕುರ್ಚಿ ಅವರಿಗೇ ಸರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೃದಯ ಕಬ್ಬಿಣದ ಹಾಗಿದೆ ಎಂಬ ಸರ್ಟಿಫಿಕೇಟನ್ನು ಹಿಡಿದುಕೊಂಡು ಮೇಷ್ಟ್ರು ಕೂತೇ ಇದ್ದರು. ಆ ಹೃದಯ ಈಗ ಎಷ್ಟು ನೋಯುತ್ತಿದೆಯೆಂದು ಬರೆದುಕೊಳ್ಳಲು ಸೊಂಟದಲ್ಲಿ ಪೆಟ್ಟಿಗೆಯೂ ಇರಲಿಲ್ಲ.

ಬಾಗಿಲ ತನಕ ಹೋಗಿದ್ದ ಕಾರ್ಯದರ್ಶಿಗಳು ಏನೋ ಹೊಳೆದವರಂತೆ ನಿಂತು ಹಿಂತಿರುಗಿದರು.

"ಡಾಕ್ಟ್ರೇ, ಇಂಥಾ ಪೆಟ್ಟಿಗೆ ನಿಮ್ಮ ಹತ್ರ ಒಟ್ಟು ಎಷ್ಟಿವೆ? ನಮ್ಮ ಶಾಲೇಲಿ ಮೇಷ್ಟ್ರು ಹದಿನೆಂಟು ಜನ. ಮುಂದಿನ ತಿಂಗಳ ಭಾಷಣಕ್ಕೆ ಅಷ್ಟೂ ಬೇಕು."