ಐಸ್ ಹಾಕಿಗೊಂದು ಮೈಸೂರು ತಲೆ

ಅಧಿಕಾರದ ಆಸೆ ನನಗಿಲ್ಲವೆಂದು ಹೇಳಿಕೊಂಡು ತಿರುಗುವವನು ನಾನು. ಶುದ್ಧ ಸುಳ್ಳು. ಆಫೀಸಿನಲ್ಲಿ ನನ್ನ ಅಭಿಪ್ರಾಯ ಕೇಳುವವರಿಲ್ಲ, ಮನೆಯಲ್ಲಿ ಹೇಳಿದರೂ ಕೇಳುವವರಿಲ್ಲ. ಇಂಥವನು ತೊಂಬತ್ತರ ದಶಕದ ಸಿಂಗಪುರದಲ್ಲಿ ಐಸ್ ಹಾಕಿಯ ಅಧಿಕಾರಿಯಾದೆ. ನಗಬೇಡಿ. ಸ್ಕೇಟ್ಸ್ ಕಟ್ಟಿದರೆ ಗೋಡೆ ಬಿಟ್ಟು ಕದಲದ ನನಗೆ ಆ ಭಾಗ್ಯ ಬಂದದ್ದು ಒಂದು ದೀಪದ ದೆಸೆಯಿಂದ.

ಆಂಗ್ ಮೋ ಕಿಯೋ ಎಂಬ ಬಡಾವಣೆಯ ನಮ್ಮ ಕಾರ್ಖಾನೆಯಲ್ಲಿ ಮೈಕ್ ಎಂಬ ಕೆನಡಾದವನಿದ್ದ. ತನ್ನೂರಿನಲ್ಲಿ ಸಂಬಳ ಪಡೆಯುವ ರೆಫರಿಯಾಗಿದ್ದನಂತೆ. ಇಲ್ಲಿ ಭಾನುವಾರ ಶಾಪಿಂಗ್ ಸೆಂಟರಿನ ಐಸ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದಲ್ಲಿ ಪಂದ್ಯ ನಡೆಸುತ್ತಿದ್ದ. ಗೋಲಾದಾಗ ಹೊತ್ತುವ ಕೆಂಪು ದೀಪ ಕೆಟ್ಟಿತ್ತು, ರಿಪೇರಿ ಮಾಡಿಕೊಟ್ಟೆ. "ಹಾಗಾದರೆ ಸ್ವಿಚ್ಚೂ ನೀನೇ ಒತ್ತು," ಎಂದ. ಗೋಲಿನ ಹಿಂದೆ, ಗಾಜಿನಾಚೆ ಕೂತು, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಗೆರೆ ದಾಟಿದ ಕೂಡಲೇ ಒತ್ತುವುದು, ಅಷ್ಟೇ. ಒಂದು ಪಂದ್ಯ ನನ್ನ ಕೆಲಸ ನೋಡುವುದು, ಸರಿಹೋದರೆ ಕಾಯಂ. ಆಹಾ, ನನ್ನ ಸಂಭ್ರಮವೇ! ಸುಡುಬಿಸಿಲಿನಲ್ಲಿ ಉಣ್ಣೆಯ ಸ್ವೆಟರು, ಮಂಕಿ ಟೋಪಿ ಏರಿಸಿಕೊಂಡು ಎಂಆರ್‌ಟಿ ರೈಲು ಹತ್ತಿದೆ. ಜೊತೆಗೆ ಹೊರಟ ಹೆಂಡತಿ ವಿಮಲಾ, ನನಗೂ ತನಗೂ ಪರಿಚಯವೇ ಇಲ್ಲದಂತೆ ದೂರ ಹೋಗಿ ನಿಂತಳು.

ಪಂದ್ಯ ಸಮಸಮ, ಕೊನೆಯ ನಿಮಿಷ. ಬಿಲ್ಲೆ ಸರ್ರನೆ ಗೆರೆ ದಾಟಿ, ಬಲೆಯ ಒಳಗಿನ ಕಂಬಕ್ಕೆ ಬಡಿದು ಹೊರಗೆ ಪುಟಿಯಿತು. ಒತ್ತಿದೆ. ದೀಪ ಹತ್ತಲಿಲ್ಲ. ನಾನೇ ರಿಪೇರಿ ಮಾಡಿದ ದೀಪ! "ಗೋಲಾ?" ಎಂದು ಮೈಕ್ ಅಲ್ಲಿಂದಲೇ ಕೂಗಿದ. ನಾನು ಹಿಗ್ಗಿ, ನಮ್ಮ ಕಡೆಯವರು "ಹೂಂ, ಮತ್ತೆ?" ಎನ್ನುವಾಗ ಮಾಡುವಂತೆ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿದೆ. ಅವನು ಎರಡೂ ಕೈ ಬೀಸಿ "ನೋ ಗೋಲ್" ಎಂದುಬಿಟ್ಟ. ಗೋಲು ಹೊಡೆದ ತಂಡದ ಧಾಂಡಿಗರೆಲ್ಲ ಬಂದು ನನ್ನೆದುರಿನ ಗಾಜು ಗುದ್ದತೊಡಗಿದರು. ಗಾಬರಿಯಲ್ಲಿ ಇನ್ನೂ ಜೋರಾಗಿ ತೂಗಿದೆ. ಕುರ್ಚಿ ಹೋಯಿತಲ್ಲಪ್ಪಾ ಎಂದುಕೊಂಡೆ.

"ರೀ, ತಲೆ ನಿಲ್ಸಿ, ಬಾಯಿ ಬಿಡಿ!" ಎಂದು ವಿಮಲಾ ಹಿಂದಿನಿಂದ ಕಿರುಚಿದಳು. ನಾನು ಬಾಯಿ ಬಿಡುವಷ್ಟರಲ್ಲಿ ಅವಳೇ ಗಾಜಿನ ಬಳಿ ಬಂದು, "ಮೈಕ್, ಹಿ ಈಸ್ ಸೇಯಿಂಗ್ ಯೆಸ್!" ಎಂದಳು. ನಮ್ಮೂರಿನಲ್ಲಿ ಒಪ್ಪಿಗೆಯೆಂದರೆ ಇದೇ, ಮದುವೆಗೂ ಇವರು ಹೀಗೇ ಒಪ್ಪಿದ್ದು ಎಂದು ಇಂಗ್ಲಿಷಿನಲ್ಲೇ ವಿವರಿಸಿದಳು. ಮೈಕ್ ಬಿದ್ದು ಬಿದ್ದು ನಕ್ಕು ಗೋಲು ಕೊಟ್ಟ.

ಪಂದ್ಯ ಮುಗಿದ ಮೇಲೆ, "ಪ್ರತಿ ವಾರ ಬರುತ್ತೀಯಾ?" ಎಂದು ಕೇಳಿದ. ಸಂತೋಷಕ್ಕೆ ಮತ್ತೆ ತಲೆಯೇ ತೂಗಿತು. ಮೈಕ್ ನನ್ನನ್ನು ಬಿಟ್ಟು ವಿಮಲೆಯ ಮುಖ ನೋಡಿದ. "ಯೆಸ್," ಎಂದಳು.

ಹೀಗೆ ನಾನು ಕಾಯಂ ಆದೆ. ಮುಂದಿನ ವಾರದಿಂದ ಗೋಲಿನ ಹಿಂದೆ ಎರಡು ಕುರ್ಚಿ ಹಾಕಿದರು. ಅನುಮಾನ ಬಂದಾಗಲೆಲ್ಲ ಮೈಕ್ ಕೇಳುತ್ತಿದ್ದದ್ದು ವಿಮಲೆಯನ್ನೇ. ಅವಳು ನನ್ನ ತಲೆಯ ಕಡೆ ತಿರುಗಿಯೂ ನೋಡದೆ ತೀರ್ಪು ಕೊಡುತ್ತಿದ್ದಳು.